ಬಾಲಯೇಸುವಿಗೆ ಎಣ್ಣೆನೀರು

ಹಡಗಿಗೆಲ್ಲ ಹಾಯಿ ಇದ್ದ ಕಾಲ, ಒಂದಾನೊಂದು ಊರು. ಆ ಊರಿನ ಹೊಳೆಬದಿಯಲ್ಲಿ ಕನ್ಯಾಸ್ತ್ರೀಯರ ಮಠ ಇತ್ತಂತೆ. ಮಠದಲ್ಲಿ ಒಂದು ತೊಟ್ಟಿಲು. ಎಂಥ ತೊಟ್ಟಿಲು ಅಂತೀರಿ! ಮೊರದಲ್ಲಿಟ್ಟರೆ ಮೊರ ತುಂಬದಷ್ಟು ಪುಟ್ಟದು. ಸುತ್ತ ಬೆಳ್ಳಿ ಗೆಜ್ಜೆ, ಒಳಗೆ ಮುತ್ತು ಹೊಲಿದ ಹಾಸಿಗೆ, ಹಾಸಿಗೆ ಮೇಲೆ ಮರದ ಬಾಲಯೇಸು. ಏಳು ಸಮುದ್ರ ದಾಟಿ ಬಂದದ್ದಂತೆ. ಕನ್ಯಾಸ್ತ್ರೀಯರು ಅದರ ಮುಂದೆ ಕೂತು, ರೇಷ್ಮೆ ದಾರ ಜಗ್ಗಿ ತೂಗುವುದು. ಗೆಜ್ಜೆ ಘಲ್ಲೆಂದರೆ ಪ್ರಾರ್ಥನೆ ದೇವರಿಗೆ ತಲುಪಿತು ಅಂತ ನಂಬಿಕೆ.

ಆ ಮಠಕ್ಕೆ ಲುದುವಿನಾ ಅಂತ ಒಬ್ಬಳು ಹೊಸದಾಗಿ ಸೇರಿದಳು. ತಂದೆಯಿಲ್ಲ, ತಾಯಿಯಿಲ್ಲ. ಇದ್ದವಳು ಅತ್ತಿಗೆ ಒಬ್ಬಳೇ. ಗಂಜಿಯ ತಿಳಿಯನ್ನೂ ಅಳೆದು ಬಡಿಸುವಂಥವಳು. ಅಣ್ಣನ ಮಕ್ಕಳನ್ನೆಲ್ಲ ಮೀಯಿಸಿ, ಉಣಿಸಿ, ಬೆಳೆಸಿದ್ದು ಮಾತ್ರ ಲುದುವಿನಾ.

ಮಠದ ಯಜಮಾನತಿ ಯುಫೇಮಿಯಮ್ಮ ಬಹಳ ಖಡಕ್ಕು. "ನೋಡು, ಕ್ರಿಸ್ಮಸ್ ತನಕ ತೊಟ್ಟಿಲ ಕೆಲಸ ನಿನ್ನದು. ಮಗುವಿಗೆ ಏನಾದರೂ ಆಯಿತೋ, ಗಂಟು ಕಟ್ಟಿಕೊಂಡು ಅತ್ತಿಗೆ ಮನೆಗೆ ನಡೆ!"

"ಆಗಲಿ ಅಮ್ಮ, ನಮ್ಮ ಮನೆ ಮಗುವಿನ ಹಾಗೇ ನೋಡ್ಕೊಳ್ತೇನೆ."

ಎಡವಟ್ಟಾದದ್ದು ಅಲ್ಲೇ ನೋಡಿ. ಒಂದು ಬೆಳಗ್ಗೆ ತೂಗುತ್ತಾ ತೂಗುತ್ತಾ ಬಗ್ಗಿ ನೋಡಿದಳಂತೆ. "ಅಯ್ಯೋ ನನ್ನ ಬಂಗಾರ, ಕಿವಿ ಹಿಂದೆ ಎಷ್ಟು ಕೊಳೆ!" ಅಂದವಳೇ ಎತ್ತಿಕೊಂಡು ಬಚ್ಚಲಿಗೆ ನಡೆದಳು. ಕಾಲು ಚಾಚಿ, ಕಾಲ ಮೇಲೆ ಮಲಗಿಸಿ, ಕೊಬ್ಬರಿ ಎಣ್ಣೆ ತಿಕ್ಕಿದಳು. ಮಗು ಫಳಫಳ ಹೊಳೆಯಿತು. ಹಂಡೆಯ ಬಿಸಿನೀರು ಹೊಯ್ದಳು. ಆಮೇಲೆ ಕಡಲೆಹಿಟ್ಟು ಹಚ್ಚಿ ಉಜ್ಜಿದಳು ನೋಡಿ, ಕೆನ್ನೆಯ ಕೆಂಪು ಅವಳ ಅಂಗೈಗೆ ಬಂತು! ಹುಬ್ಬು ಜಾರಿ ಮೂಗಿನ ಮೇಲೆ ಕೂತಿತು. ಕಣ್ಣಿನ ಕಪ್ಪು ಧಾರೆಯಾಗಿ ಗಲ್ಲಕ್ಕಿಳಿಯಿತು.

ಲುದುವಿನಾಳ ಜೀವ ಬಾಯಿಗೆ ಬಂತು. ಮಗುವನ್ನು ತೊಟ್ಟಿಲಿಗೆ ಹಾಕಿ, ಗಲ್ಲದ ತನಕ ಹೊದಿಸಿ, ತೂಗುತ್ತಾ ಕೂತಳು. ಅಷ್ಟರಲ್ಲಿ ಮೀನು ಮಾರುವ ಸಾಂತಾನ್ ಬಾಯಿ ಹರಕೆಯ ಮೇಣದಬತ್ತಿ ಹಿಡಿದು ಬಂದಳು. ಇಣುಕಿದಳು.

"ಅಯ್ಯಯ್ಯೋ! ಬಾಲಯೇಸು ಅಳ್ತಾ ಇದೆ!"

ಓಡಿದಳು. ಸಾಂತಾನ್ ಬಾಯಿ ದೋಣಿಯವನಿಗೆ ಹೇಳಿದಳು, ಬಾಲಯೇಸು ಅತ್ತಿತು. ದೋಣಿಯವನು ಸಂತೆಗೆ ಹೇಳಿದ, ಒಂದು ಕೊಡ ಅತ್ತಿತು. ಸಂತೆಯವರು ಊರಿಗೆ ಹೇಳಿದರು, ಹೊಳೆ ಏರುವಷ್ಟು ಅತ್ತಿತು! ಊರಿನ ಹೆಂಗಸರೆಲ್ಲ ನುಗ್ಗಿ ಬಂದರಂತೆ. ಒಬ್ಬಳ ಕೈಲಿ ಓಮದ ನೀರು, ಒಬ್ಬಳ ಕೈಲಿ ತೇಯ್ದ ಬಜೆ. ಇನ್ನೊಬ್ಬಳು ದೃಷ್ಟಿಯಾಗಿದೆ ಅಂತ ಉಪ್ಪು ಮೆಣಸು ನಿವಾಳಿಸಿ ಕೆಂಡಕ್ಕೆ ಹಾಕಿದಳು. ಅದೇ ಹೊತ್ತಿಗೆ ಸುದ್ದಿ ಕೇಳಿ ಮೇನೆಯಲ್ಲಿ ಬಿಷಪರು ಬಂದಿಳಿದರು. ಒಳಗೆ ಕಾಲಿಟ್ಟದ್ದೇ ತಡ, ಮೆಣಸಿನ ಘಾಟು ಮೂಗಿಗೆ ಹೊಡೆದು, "ಆ... ಆ... ಆಕ್ಷೀ!" ಆ ಸೀನಿನ ರಭಸಕ್ಕೆ ಗೆಜ್ಜೆಗಳೆಲ್ಲ ಘಲ್ ಘಲ್ ಅಂದವು. "ಬಿಷಪರ ಪ್ರಾರ್ಥನೆ ತಲುಪಿತು!" ಅಂತ ಜನ ಮೊಣಕಾಲೂರಿದರು.

ಬಿಷಪರು ಮಗುವಿನ ಮುಖ ನೋಡಿದರು. "ಪವಾಡ! ನಾಡಿಗೆಲ್ಲ ಡಂಗುರ ಹೊಡೆಸಿ!" ಯುಫೇಮಿಯಮ್ಮ ಹಿಗ್ಗಿ ಹೀರೇಕಾಯಿಯಾದರು.

ಲುದುವಿನಾ ಯೋಚಿಸಿದಳು. ಬಾಯಿ ಮುಚ್ಚಿಕೊಂಡರೆ ಮಠ, ಬಿಟ್ಟರೆ ಅತ್ತಿಗೆ. ಮುಚ್ಚಿಕೊಂಡೇ ಇರುತ್ತಿದ್ದಳು. ಆದರೆ ಮೂಲೆಯಲ್ಲಿ ಒಬ್ಬ ಹಣ್ಣು ಮುದುಕ, "ನನ್ನ ಪಾಪಕ್ಕೇ ಮಗು ಅಳ್ತಿದೆ. ಇನ್ನು ಸಾಯೋ ತನಕ ಅನ್ನ ಮುಟ್ಟೋದಿಲ್ಲ" ಅಂತ ಎದೆ ಬಡಿದುಕೊಳ್ಳುತ್ತಿದ್ದ. ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಅಜ್ಜ, ಅನ್ನ ಬಿಡಬೇಡಿ! ಮಗು ಅತ್ತಿಲ್ಲ. ನಾನು ಎಣ್ಣೆ ಹಚ್ಚಿ ಮೀಯಿಸಿದೆ, ಬಣ್ಣ ಹೋಯಿತು."



"ಕಟ್ಟು ಗಂಟು!" ಅಂದರು ಯುಫೇಮಿಯಮ್ಮ.

ಆಗ ಊರಿನ ಕೂಸುಗಳನ್ನೆಲ್ಲ ಮೀಯಿಸುವ ಕರ್ಮಿನಾ ಬಾಯಿ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. "ನಿಲ್ಲಿ ಅಮ್ಮ. ಇದಕ್ಕೂ ಮೊದಲು ಮಗು ಮಿಂದದ್ದು ಯಾವಾಗ?"

"ಅದು... ಮಿಂದೇ ಇಲ್ಲ."

"ಏನು! ಹಡಗಿಳಿದ ಮೇಲೆ ಒಂದು ಚೊಂಬು ನೀರೂ ಇಲ್ಲವಾ? ಸಮುದ್ರದ ಉಪ್ಪೆಲ್ಲ ಮೈಮೇಲೇ ಇತ್ತಾ?"

"ನಮ್ಮ ಮನೆ ಬೆಕ್ಕಿನ ಮರಿಗೂ ಈ ಗತಿ ಇಲ್ಲ!" ಅಂದಳು ಸಾಂತಾನ್ ಬಾಯಿ. ಹೆಂಗಸರೆಲ್ಲ ಯುಫೇಮಿಯಮ್ಮನ ಮೇಲೆ ತಿರುಗಿಬಿದ್ದರು. ಪಾಪ, ಅವರು ಬಿಷಪರ ಬೆನ್ನ ಹಿಂದೆ ಅಡಗಿದರಂತೆ.

ಬಿಷಪರು ಮೂಗೊರೆಸಿಕೊಂಡು ಕೇಳಿದರು. "ಏನಮ್ಮಾ, ಮೀಯಿಸುವಾಗ ಮಗು ಅತ್ತಿತೇ?"

"ಇಲ್ಲ ಸ್ವಾಮಿ. ನಮ್ಮ ಅಣ್ಣನ ಮಕ್ಕಳು ಊರು ಕೇಳೋ ಹಾಗೆ ಕಿರುಚ್ತಿದ್ದವು. ಇದು ಕಣ್ಣಿಗೆ ಹಿಟ್ಟು ಹೋದರೂ ಕಮಕ್ ಕಿಮಕ್ ಅನ್ನಲಿಲ್ಲ."

"ಎಣ್ಣೆನೀರಿಗೆ ಅಳದ ಕೂಸೇ!" ಬಿಷಪರು ಕರ್ಮಿನಾ ಬಾಯಿಯತ್ತ ತಿರುಗಿದರು. "ನೀನು ಎಲ್ಲಾದರೂ ಕಂಡಿದ್ದೀಯಾ?"

"ಇಲ್ಲ ಸ್ವಾಮಿ, ಈ ಕೈಯಲ್ಲಿ ಒಂದೂ ಹಾಗೆ ಮಿಂದಿಲ್ಲ."

"ಹಾಗಾದರೆ ಪವಾಡ ಆಗಿರೋದು ಖರೇನೇ. ಡಂಗುರ ಹೊಡೆಸಿ!"

ಚಿತ್ರಗಾರ ಬಂದು ಹೊಸ ಬಣ್ಣ ಬಳಿದ. ಹೆಂಗಸರು ಬಿಡದೆ ಗಲ್ಲಕ್ಕೊಂದು ದೃಷ್ಟಿಬೊಟ್ಟು ಇಡಿಸಿದರು. ಲುದುವಿನಾ ಮಠದಲ್ಲೇ ಉಳಿದಳು, ತೊಟ್ಟಿಲೂ ಅವಳಿಗೇ ಉಳಿಯಿತು. ಕೊಬ್ಬರಿ ಎಣ್ಣೆಯ ಭರಣಿ ಮಾತ್ರ ಯುಫೇಮಿಯಮ್ಮನ ಮಂಚದ ಕೆಳಗೆ ಸೇರಿತಂತೆ.

ಮಗು ಅಲ್ಲಿ ಮಲಗಿತು, ಕತೆ ಇಲ್ಲಿ ಮಲಗಿತು.