ಲೆಕ್ಕಕ್ಕೆ ಸಿಗದ ಹುಡುಗಿ

ಹೊಳೆಯ ದಂಡೆಯ ಆಶ್ರಮದಲ್ಲಿ ನಿಜಗುಣಜ್ಜ ಎಂಬ ಗುರುಗಳಿದ್ದರು. ಕಲ್ಲಿನಾಥ ಅವರ ಶಿಷ್ಯ. ಲೆಕ್ಕದಲ್ಲಿ ಬಲು ಗಟ್ಟಿಗ.

ಊರಿನ ಬಡಮಕ್ಕಳಿಗೆ ಆಶ್ರಮದಲ್ಲಿ ಊಟ, ಪಾಠ ಎರಡನ್ನೂ ಶುರುಮಾಡಬೇಕೆಂದು ಅಜ್ಜನ ಮನಸ್ಸಿಗೆ ಬಂತು. ಅಂಥವರು ಎಷ್ಟಿದ್ದಾರೆ, ತಿಳಿದು ಬಾ ಎಂದು ಶಿಷ್ಯನನ್ನು ಕಳಿಸಿದರು.

ಅದು ತೀರಾ ಬಡ ಊರೇನಲ್ಲ. ಕಲ್ಲಿನಾಥ ಮನೆಮನೆಗೂ ಹೋದ. ಚಾವಣಿ ನೋಡಿದ, ಬೈಕು ನೋಡಿದ, ಟೀವಿ ನೋಡಿದ, ಯಜಮಾನರನ್ನು ವಿಚಾರಿಸಿದ. ಮೂರೇ ದಿನಕ್ಕೆ ಪಟ್ಟಿ ಮುಗಿಸಿ ಉಬ್ಬಿಕೊಂಡು ಬಂದ.

"ಹದಿನೇಳು ಮಕ್ಕಳು, ಅಜ್ಜಾರ. ಒಂದೂ ತಪ್ಪಿಲ್ಲ."

"ಅವರೊಳಗ ಯಾರ ಕೂಡ ಮಾತಾಡಿದಿ?"

ಮಕ್ಕಳನ್ನೇ ಮಾತಾಡಿಸುವುದು ಅವನಿಗೆ ಹೊಳೆದೇ ಇರಲಿಲ್ಲ.

ಅಜ್ಜ ಪಟ್ಟಿಯನ್ನು ಈಸಿಕೊಂಡರು. ನಾಳೆ ಬರಿಗೈಲಿ ಹೋಗಿ ಮಕ್ಕಳ ಜೊತೆ ಆಡಿ ಬಾ ಎಂದರು.

ಮರುದಿನ ಬೆಳಿಗ್ಗೆ ಕಲ್ಲಿನಾಥ ಪಂಚೆ ಎತ್ತಿ ಕಟ್ಟಿ ಕುಂಟೆಬಿಲ್ಲೆಗೆ ಇಳಿದ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರು ಆಟ ಆಡಿ ಮೂರನ್ನೂ ಸೋತ. ಗೆದ್ದವಳು ಒಂಬತ್ತು ವರ್ಷದ ಶಾವಂತ್ರಿ. ಸೊಂಟದ ಮೇಲೆ ಪುಟ್ಟ ತಮ್ಮನನ್ನು ಕೂರಿಸಿಕೊಂಡೇ ಕುಂಟುತ್ತಿದ್ದಳು.

ತಮ್ಮನನ್ನು ಇಳಿಸಿ ಆಡಬಾರದೇ ಎಂದು ಕಲ್ಲಿನಾಥ ಕೇಳಿದ.

"ಇಳಿಸಿದ್ರ ಅಳ್ತಾನ್ರಿ. ಅಪ್ಪ, ಅವ್ವ ಇಬ್ಬರೂ ಗಾರ್ಮೆಂಟ್ಸಿಗೆ ಹೋಗ್ಯಾರ."

ಅಷ್ಟರಲ್ಲಿ ಉಳಿದ ಮಕ್ಕಳು ಪಾಟಿಚೀಲ ಹೊತ್ತು ಸಾಲೆಗೆ ಓಡಿದರು. ಪಟ್ಟಿಯಲ್ಲಿದ್ದ ತಗಡಿನ ಮನೆಯ ಹುಡುಗನೂ ಓಡಿದ. ಶಾವಂತ್ರಿ ಅಲ್ಲೇ ನಿಂತಳು. ತಮ್ಮ ಹುಟ್ಟಿದಂದಿನಿಂದ ಅವಳಿಗೆ ಸಾಲೆ ಇಲ್ಲ. ಬೆಳಿಗ್ಗೆ ಏನು ತಿಂದೆ ಎಂದರೆ, ಚಹಾ ಎಂದಳು.

ಅವಳದು ಆರ್‌ಸಿಸಿ ಮನೆ. ಟೀವಿ ಇತ್ತು, ಬೈಕೂ ಇತ್ತು. ಆ ಬೈಕಿನ ಮೇಲೆಯೇ ತಂದೆತಾಯಿ ನಸುಕಿಗೆ ಕೆಲಸಕ್ಕೆ ಹೊರಡುತ್ತಿದ್ದರು. ಪಟ್ಟಿಯಲ್ಲಿ ಆ ಮನೆಯ ಹೆಸರಿನ ಮುಂದೆ ಕಲ್ಲಿನಾಥ 'ಕೊರತೆ ಇಲ್ಲ' ಎಂದು ಬರೆದಿದ್ದ.

ನಾಚಿಕೊಂಡು ಬಂದು ಅಜ್ಜನಿಗೆ ಎಲ್ಲ ಹೇಳಿದ. ಸಂಜೆ ಅಜ್ಜ ತಾವೇ ಚಪ್ಪಲಿ ಮೆಟ್ಟಿ ಶಾವಂತ್ರಿಯ ಮನೆಗೆ ನಡೆದರು. ಕೂಸನ್ನು ಯಾರು ನೋಡಿಕೊಳ್ಳಬೇಕು ಎಂದು ತಾಯಿ ಅಳುಕಿದಳು. ಇಬ್ಬರನ್ನೂ ಕಳಿಸವ್ವ ಎಂದರು ಅಜ್ಜ.

ಮರುದಿನ ಶಾವಂತ್ರಿ ತಮ್ಮನ ಸಮೇತ ಬಂದಳು. ಬಿಸಿ ಉಪ್ಪಿಟ್ಟು ತಿಂದಳು. ಅಜ್ಜ ಕೂಸನ್ನು ತಾವು ಎತ್ತಿಕೊಂಡು ಅವಳನ್ನು ಪಾಠಕ್ಕೆ ಕಳಿಸಿದರು. ಖಾಲಿಯಾದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳು ಸ್ವಲ್ಪ ಹೊತ್ತು ಕಕ್ಕಾಬಿಕ್ಕಿಯಾದಳು. ಆಮೇಲೆ ಬಳಪ ಹಿಡಿದಳು.

ಕೂಸು ಅಜ್ಜನ ಗಡ್ಡವನ್ನು ಎರಡೂ ಕೈಲಿ ಹಿಡಿದು ಜಗ್ಗುತ್ತಿತ್ತು. ಅಜ್ಜ ಮರಳಿ ಕೊಟ್ಟಿದ್ದ ಪಟ್ಟಿಯನ್ನು ಬಿಚ್ಚಿಕೊಂಡು ಕಲ್ಲಿನಾಥ ಬಂದು ನಿಂತ.

"ಈಗ ಎಷ್ಟಂತ ಬರೀಲಿ, ಅಜ್ಜಾರ?"

ಅಜ್ಜ ಗಡ್ಡ ಬಿಡಿಸಿಕೊಳ್ಳುತ್ತ ನಕ್ಕರು.

"ಮೊದಲ ಒಂದು ಕೂಡಿಸಿ ಬರಿ. ಆಮ್ಯಾಲ ಈ ಕೂಸನ್ನ ಎತ್ಕೊ, ಶಾವಂತ್ರಿ ಕೊರತಿ ನೀಗತೈತಿ, ಒಂದು ಕಳಿಯೋಣ."