ಪೈಲ್ವಾನನ ತೋಳು

"ಗುರುಗಳೇ, ನನ್ನ ಮೈ ನನ್ನದಲ್ಲವೇ? ಊರಿಗೆ ಒಳ್ಳೆಯದಾಗುತ್ತದೆಂದು ಅದಕ್ಕೆ ಬಲವಂತವಾಗಿ ಲಸಿಕೆ ಚುಚ್ಚುವುದು ನ್ಯಾಯವೇ?"

ಶಿಷ್ಯನ ದನಿಯಲ್ಲಿ ಸಿಟ್ಟಿತ್ತು. ಗುರುಗಳು ಬೇಸರಿಸಿಕೊಳ್ಳಲಿಲ್ಲ. ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪೈಲ್ವಾನನಿದ್ದ. ಹಾಲು, ತುಪ್ಪ, ಬಾದಾಮಿ ತಿಂದು, ಹನ್ನೆರಡು ವರ್ಷ ಗರಡಿಮನೆಯಲ್ಲಿ ಸಾಮು ಮಾಡಿ ಬೆಳೆಸಿದ ಮೈ ಅವನದು. ಹಬ್ಬ ಯಾವತ್ತು ಎಂಬುದು ಮರೆತರೂ ತನ್ನ ತೋಳಿನ ಸುತ್ತಳತೆ ಮರೆಯುತ್ತಿರಲಿಲ್ಲ. ಅವನ ಬೆನ್ನಿಗೆ ಯಾರೂ ಮಣ್ಣು ಹತ್ತಿಸಿರಲಿಲ್ಲ. ಅವನಿಗೆ ಜಂಬವಿತ್ತು. ಯಾಕಿರಬಾರದು? ಅವನು ಬೀದಿಯಲ್ಲಿ ನಡೆದರೆ ಊರಿನವರ ಎದೆಯೂ ಉಬ್ಬುತ್ತಿತ್ತು.

ಒಂದು ವರ್ಷ ಪಕ್ಕದ ಊರಿಗೆ ಸಿಡುಬು ಬಂತು. ಇಲ್ಲಿನ ಪಂಚರು ಸೇರಿ, ಪ್ರತಿಯೊಬ್ಬರೂ ದಾಕು ಹಾಕಿಸಿಕೊಳ್ಳಲೇಬೇಕೆಂದು ಕಟ್ಟಳೆ ಮಾಡಿದರು. ದಾಕು ಎಂದರೆ ತೋಳಿನ ಮೇಲೆ ಗೀರಿ ಹಾಕುವ ಲಸಿಕೆ. ನಾಲ್ಕು ದಿನ ಜ್ವರ ಬರುತ್ತದೆ, ಆಮೇಲೆ ಬದುಕಿರುವವರೆಗೆ ಕಲೆ ಉಳಿಯುತ್ತದೆ. ಊರೆಲ್ಲ ಹಾಕಿಸಿಕೊಂಡಿತು. ಪೈಲ್ವಾನನೊಬ್ಬ ಒಲ್ಲೆನೆಂದ. ತನ್ನ ತೋಳಿನ ಮೇಲೆ ಇನ್ನೊಬ್ಬ ಗುರುತು ಹಾಕುವುದೆಂದರೆ ಅವನಿಗೆ ಕುಸ್ತಿಯಲ್ಲಿ ಸೋತ ಹಾಗೆ.

ಪಂಚರು ನಾಲ್ವರು ಗಟ್ಟಿಗರನ್ನೂ ದಾಕು ಹಾಕುವವನನ್ನೂ ಗರಡಿಗೆ ಕಳಿಸಿದರು. ಪೈಲ್ವಾನ ಕುಸ್ತಿಯ ಮಣ್ಣಿಗೆ ಇಳಿದು ತೊಡೆ ತಟ್ಟಿದ. ಅವನ ಲೆಕ್ಕದಲ್ಲಿ ಕೈ ಹಿಡಿಯಲು ಬಂದವನೆಲ್ಲ ಎದುರಾಳಿಯೇ. ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ಎತ್ತಿ ಒಗೆದ. ಬಾಗಿಲಲ್ಲಿ ನೆರೆದಿದ್ದವರು ತಮಗರಿವಿಲ್ಲದೆಯೇ ಭಲೇ ಎಂದರು. ದಾಕು ಹಾಕುವವನು ಪೆಟ್ಟಿಗೆ ಎತ್ತಿಕೊಂಡು ಜಗಲಿಗೆ ಓಡಿದ. ಪೈಲ್ವಾನನಿಗೆ ಕುಸ್ತಿ ಕಲಿಸಿದ ಉಸ್ತಾದರು ಮೂಲೆಯಿಂದ ಎದ್ದರು. ತಾವೇ ಅವನನ್ನು ಕೆಡವಲು ಸೊಂಟಕ್ಕೆ ವಸ್ತ್ರ ಬಿಗಿದುಕೊಂಡು ಮಣ್ಣಿನ ಕಡೆಗೆ ನಡೆದರು.

ಆಗ ಪೈಲ್ವಾನನ ಕುಸ್ತಿಯ ಜೋಡಿ ಅಡ್ಡ ಬಂದ. ಹನ್ನೆರಡು ವರ್ಷ ಪ್ರತಿದಿನ ಅವನೊಡನೆ ಸೆಣಸಿ, ಪ್ರತಿದಿನ ಬಿದ್ದವನು ಅವನು.

"ಅಣ್ಣಾ, ಮೈ ನಿಂದೇ. ಅಲ್ಲ ಅಂತ ಯಾರಂದ್ರು? ಆದ್ರೆ ದಿನಾ ನಿನ್ ಬೆವರು ಮೆತ್ಕೊಂಡು ಮನೆಗೆ ಹೋಗೋನು ನಾನು. ಮನೇಲಿ ಹದಿನೆಂಟು ದಿನದ ಕೂಸೈತೆ. ಅದಕ್ಕಿನ್ನೂ ದಾಕು ಹಾಕೋ ಹಂಗಿಲ್ಲ. ನಿಂಗೆ ಸಿಡುಬು ಬಂದು, ನಾನು ಅದನ್ನ ಹೊತ್ಕೊಂಡು ಹೋದ್ರೆ, ಆ ಕೂಸು ಯಾವ ಪಟ್ಟು ಹಾಕ್ಬೇಕು, ಹೇಳು?"

ತನ್ನ ಎದುರು ಯಾರು ಯಾರು ನಿಂತಿದ್ದಾರೆಂದು ಪೈಲ್ವಾನ ಸದಾ ಎಣಿಸುತ್ತಿದ್ದ. ಒಂದು ಕೂಸನ್ನು ಎಣಿಸಿರಲಿಲ್ಲ. ಈ ಜೋಡಿಯ ಎದೆಗೆ ಒತ್ತಿ ಒತ್ತಿಯೇ ತನ್ನ ಭುಜ ಬೆಳೆದದ್ದು ಎಂಬುದೂ ಅವನಿಗೆ ಆಗ ಹೊಳೆಯಿತು. ಅವನಿಗೆ ನಾಚಿಕೆಯಾಯಿತು.

"ಯಾರೂ ನನ್ನ ಹಿಡೀಬ್ಯಾಡಿ" ಎಂದ.

ತಾನೇ ಜಗಲಿಗೆ ನಡೆದು, ದಾಕಿನವನ ಮುಂದೆ ಕುಳಿತು ತೋಳು ಚಾಚಿದ. ನಾಲ್ಕು ದಿನ ಜ್ವರದಲ್ಲಿ ಮಲಗಿದ. ಐದನೆಯ ದಿನ ಅಂಗಿ ಹಾಕದೆ, ತೋಳಿನ ಗಾಯ ಎಲ್ಲರಿಗೂ ಕಾಣುವಂತೆ ಎದೆ ಸೆಟೆಸಿ ಗರಡಿಗೆ ನಡೆದ. ಮುಂದೆ ಯಾವ ಊರಿಗೆ ಕುಸ್ತಿಗೆ ಹೋದರೂ ತಾನು ಕೆಡವಿದವರ ಹೆಸರು ಹೇಳುವ ಮೊದಲು ಆ ಕಲೆಯನ್ನು ತೋರಿಸುತ್ತಿದ್ದ. ಅವನ ಜಂಬ ಕಡಿಮೆಯಾಗಲಿಲ್ಲ, ಇನ್ನೊಂದು ಸುತ್ತು ಹೆಚ್ಚಿತು. ಊರೂ ಅವನ ಜೊತೆ ಬೀಗಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಅವನು ತಾನಾಗಿಯೇ ತೋಳು ಚಾಚಿದ, ಸರಿ. ಚಾಚದೆ ಹೋಗಿದ್ದರೆ?"

ಗುರುಗಳು ಹೇಳಿದರು: "ಆಗ ಆ ಕೂಸಿಗಾಗಿ ಉಸ್ತಾದರು ಅವನನ್ನು ಕೆಡವಲೇಬೇಕಾಗುತ್ತಿತ್ತು, ಕೆಡವಿ ದಾಕು ಹಾಕಿಸಿ, ಅದನ್ನು ಗೆಲುವೆಂದು ಕೈ ಮೇಲೆತ್ತದೆ ಮನೆಗೆ ಹೋಗಬೇಕಾಗುತ್ತಿತ್ತು."