ಹೆಳವನ ಎತ್ತಿನ ಅಜ್ಜ

ಊರೂರು ತಿರುಗಿ ಮನೆತನಗಳ ವಂಶಾವಳಿ ಓದುವ ಹೆಳವ ಸಂಗಪ್ಪನ ಎತ್ತು, ಹೊತ್ತಗೆಗಳ ಚೀಲ ಹೊತ್ತು ರುದ್ರವ್ವನ ಅಂಗಳಕ್ಕೆ ಬಂದು ನಿಂತಿತು. ದಾರಿ ದೂರದ್ದು, ಹಸಿವು ಜೋರಾಗಿತ್ತು. ಗೋದಲಿಯ ಮೇವಿಗೆ ಬಾಯಿ ಹಾಕುವಷ್ಟರಲ್ಲಿ ಆ ಮನೆಯ ಹೋರಿ ತಡೆಯಿತು. ಹೋದ ವರ್ಷವಷ್ಟೇ ಕೊಂಡು ತಂದ ಹೋರಿ ಅದು. ಕಿವಿಯಲ್ಲಿ ತಳಿಯ ಬಿಲ್ಲೆ.

"ನನ್ನ ಅಪ್ಪ ಯಾರು, ಅಜ್ಜ ಯಾರು ಎಂಬುದಕ್ಕೆ ಈ ಬಿಲ್ಲೆ ಸಾಕ್ಷಿ. ನಿನ್ನ ಅಜ್ಜ ಯಾರು?"

"ಗೊತ್ತಿಲ್ಲ."

"ಕಂಡವರ ಅಜ್ಜಂದಿರನ್ನೆಲ್ಲ ಬೆನ್ನ ಮೇಲೆ ಹೊರುತ್ತೀಯೆ, ನಿನ್ನವನೇ ಗೊತ್ತಿಲ್ಲವೆ? ಹಾಗಾದರೆ ದೂರ ನಿಲ್ಲು."

ಎತ್ತು ತಲೆ ತಗ್ಗಿಸಿ ಹಿಂದೆ ಸರಿಯಿತು.

ಕಟ್ಟೆಯ ಮೇಲೆ ಕೂತ ಸಂಗಪ್ಪ ಹೊತ್ತಗೆ ಬಿಚ್ಚಿದ. "ಕೇಳು ತಾಯಿ. ಈ ಮನೆಯ ಮೂಲಪುರುಷ ಬರಮಗೌಡ ಒಂದೇ ಒಂದು ಆಕಳು ಹೊಡಕೊಂಡು ಈ ಊರಿಗೆ ಬಂದ. ಕಲ್ಲು ಆರಿಸಿ ಆರಿಸಿ ಹೊಲ ಮಾಡಿದ. ಮೊದಲ ಮಗ ಹುಟ್ಟಿದಾಗ ಹೆಸರು ಬರೆಸಿ, ಆ ಆಕಳಿನ ಹೆಣ್ಣುಕರುವನ್ನು ನಮ್ಮ ಮುತ್ತಜ್ಜನಿಗೆ ದಾನ ಕೊಟ್ಟ. ಆ ಕರುವಿನ ಪೀಳಿಗೆಯೇ ಅಲ್ಲಿ ನಿಂತಿರುವ ನಮ್ಮೆತ್ತು."

ರುದ್ರವ್ವ ಒಳಗೆ ಹೋಗಿ ಕುಂಕುಮದ ಭರಣಿ ತಂದಳು. "ಹಂಗಾದ್ರ ಇವ ತವರಿಗೆ ಬಂದಾನ" ಎನ್ನುತ್ತ ಎತ್ತಿನ ಹಣೆಗೆ ಹಚ್ಚಿದಳು.

ಎತ್ತು ತಲೆಯೆತ್ತಿ, ಕೊರಳ ಗಂಟೆ ಬಾರಿಸುತ್ತ ಗೋದಲಿಗೆ ನಡೆಯಿತು.

"ಸ್ವಲ್ಪ ಸರಿದು ನಿಲ್ಲು" ಎಂದಿತು ಹೋರಿಗೆ. "ನೀನು ಈ ಮನೆಗೆ ಬಂದದ್ದು ಹೋದ ವರ್ಷ. ನಾವು ಬಂದದ್ದು ಬರಮಗೌಡನ ಜೊತೆ."